ಹಿತ್ತಾಳೆಗೆ ಉಕ್ಕಿನ ಒತ್ತಾಸೆ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ, ಹೋಬಳಿಯ ಹಳ್ಳಿಗಳಿಂದ ಬಂದ ಸೈಕಲ್ಲುಗಳನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಪಂಕ್ಚರ್ ಹಾಕುತ್ತಿದ್ದ ಮುದುಕನೊಬ್ಬನ ಮಗ್ಗುಲಲ್ಲಿ ಕುಳಿತು ಅವನ ಕೈಕೆಲಸವನ್ನು ನೋಡುತ್ತಿದ್ದ ಬಾಲ್ಯದ ದಿನಗಳಲ್ಲಿ, ಭೌತಶಾಸ್ತ್ರದ ದೊಡ್ಡದೊಂದು ತತ್ತ್ವವನ್ನು ಅದರ ಹೆಸರನ್ನರಿಯದೆಯೇ ನಾನು ಕಲಿತಿದ್ದೆನೆಂದು ಈಗ ತೋರುತ್ತದೆ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಎಡೆಯನ್ನು ಹುಡುಕುವಾಗ ಆತನು ಪಂಪನ್ನು ನಾಲ್ಕಾರು ಸಲಕ್ಕಿಂತ ಹೆಚ್ಚು ಒತ್ತುತ್ತಿರಲಿಲ್ಲ. ಒತ್ತಿದ್ದೇ ಆದರೆ ಆ ಮೆದು ರಬ್ಬರು, ಇಲಿಯನ್ನು ನುಂಗಿದ ಹಾವಿನಂತೆ ಒಂದೆಡೆ ಉಬ್ಬಿ, ಇನ್ನೊಂದು ಗಳಿಗೆಯಲ್ಲಿ ಒಡೆದುಹೋಗುತ್ತಿತ್ತು. ಆದರೆ ಅದೇ ಟ್ಯೂಬು ಟೈರಿನೊಳಗೆ ಸೇರಿದ ಮೇಲೆ ಬೆವರು ಸುರಿಯುವಷ್ಟು ಪಂಪು ಹೊಡೆದರೂ ಜಗ್ಗುತ್ತಿರಲಿಲ್ಲ. ಭತ್ತದ ಮೂಟೆಯನ್ನೂ ಅದರ ಮೇಲೊಬ್ಬ ಸವಾರನನ್ನೂ ಹೊತ್ತು ಕಲ್ಲುದಾರಿಯಲ್ಲಿ ಸಾಗುತ್ತಿತ್ತು. ಟೈರು ಎಲ್ಲಿಯಾದರೂ ಸೀಳಿದ್ದರೆ ಮಾತ್ರ, ಆ ಸೀಳಿನೊಳಗಿಂದ ಟ್ಯೂಬು ಬಟಾಣಿ ಗಾತ್ರದಷ್ಟು ಹೊರಗೆ ಇಣುಕಿ, ಬಿಸಿಲೇರುವ ಹೊತ್ತಿಗೆ ಢಮ್ಮೆಂದು ಸಿಡಿಯುತ್ತಿತ್ತು. ಆಗ ಮುದುಕನು ಹಳೆಯ ಟೈರಿನ ತುಂಡೊಂದನ್ನು ಕತ್ತರಿಸಿ ಸೀಳಿನ ಒಳಮಗ್ಗುಲಿಗೆ ಕೂರಿಸುತ್ತಿದ್ದನು. ಅದನ್ನು ಅವನು ಗೇಟರು ಎಂದು ಕರೆಯುತ್ತಿದ್ದನು. ಒಡೆದದ್ದು ಟ್ಯೂಬು, ಆದರೆ ತಪ್ಪು ಟ್ಯೂಬಿನದಲ್ಲ, ಅದರ ಬೆನ್ನಿಗೆ ಒತ್ತಾಸೆಯಾಗಿ ನಿಲ್ಲಬೇಕಾಗಿದ್ದ ಗೋಡೆಯದು ಎಂಬುದು ಅವನಿಗೆ ಗೊತ್ತಿತ್ತು.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಸೈಕಲ್ಲಿನ ವಿಷಯವನ್ನಲ್ಲ. ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲಿನ ನಳಿಗೆಯಲ್ಲಿ, ಕಿರುಬೆರಳಿನಷ್ಟು ದಪ್ಪದ ಹಿತ್ತಾಳೆಯ ಕೋಶವೊಂದು, ವಾಯುಮಂಡಲದ ಒತ್ತಡದ ಎರಡು ಸಾವಿರದ ಮುನ್ನೂರು ಪಟ್ಟನ್ನು ಒಂದು ಕ್ಷಣಾಂಶದ ಕಾಲ ಹೇಗೆ ತಾಳಿಕೊಳ್ಳುತ್ತದೆ, ಎಲ್ಲಿ ತಾಳಲಾರದೆ ಹೋಗುತ್ತದೆ ಎಂಬುದು ನಮ್ಮ ವಿಚಾರ. ಆದರೂ ಸೈಕಲ್ಲಿನಿಂದ ಪಿಸ್ತೂಲಿಗೆ ನೇರವಾಗಿ ಹಾರುವುದಕ್ಕೆ ಮುಂಚೆ, ಶೀಳನೆರೆಯಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ಶ್ರೀರಂಗಪಟ್ಟಣಕ್ಕೆ ಓದುಗರನ್ನು ಕರೆದೊಯ್ಯದೆ ನನ್ನ ಮನಸ್ಸು ಒಪ್ಪದು. ಏಕೆಂದರೆ ಲೋಹದ ಕೊಳವೆಯೊಳಗೆ ಬೆಂಕಿಯನ್ನು ಕಟ್ಟಿಹಾಕುವ ವಿದ್ಯೆಯಲ್ಲಿ ನಮ್ಮ ಸೀಮೆಯು ಜಗತ್ತಿಗೆ ಪಾಠ ಹೇಳಿದ ಕಾಲವೊಂದಿತ್ತು.

ಅಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ನಡೆದ ಪೊಲ್ಲಿಲೂರಿನ ಕದನವನ್ನು ಚಿತ್ರಿಸಿರುವುದನ್ನು ಕಂಡವರು ಬಹು ಮಂದಿ. ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ದಳಪತಿ ಕರ್ನಲ್ ಬೇಲಿ, ಅವನ ಸುತ್ತ ಚೌಕವಾಗಿ ನಿಂತ ಕೆಂಪಂಗಿಯ ಸಿಪಾಯಿಗಳು, ಅವರ ನಡುವೆ ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ, ಇವೆಲ್ಲ ಆ ಬಣ್ಣಗಳಲ್ಲಿ ಇನ್ನೂ ಮಾಸದೆ ಉಳಿದಿವೆ. ಆ ದಿನ ಮೈಸೂರಿನ ಸೈನ್ಯವು ಇಂಗ್ಲಿಷರ ಮೇಲೆ ಬಿಟ್ಟ ಬಾಣಗಳು ನಮ್ಮ ಜಾತ್ರೆಯ ಬಾಣಬಿರುಸುಗಳ ಜಾತಿಯವೇ ಆಗಿದ್ದರೂ, ಒಂದು ವಿಷಯದಲ್ಲಿ ಅವುಗಳಿಂದ ಬೇರೆಯಾಗಿದ್ದವು: ಅವುಗಳ ಮದ್ದು ಕಾಗದದ ಸುರುಳಿಯಲ್ಲಾಗಲಿ ಬಿದಿರಿನ ಗಣ್ಣಿನಲ್ಲಾಗಲಿ ಇರದೆ, ಕಬ್ಬಿಣದ ತಗಡನ್ನು ಸುತ್ತಿ ಬಡಿದು ಮಾಡಿದ ಕೊಳವೆಯಲ್ಲಿತ್ತು. ಇಂಗ್ಲೆಂಡಿನ ವುಲಿಚ್ ಸಂಗ್ರಹಾಲಯ ಸೇರಿದ ಎರಡು ಮಾದರಿಗಳಲ್ಲಿ ಒಂದರ ಕೊಳವೆ 58 ಮಿಲಿಮೀಟರು ವ್ಯಾಸದ್ದು, 254 ಮಿಲಿಮೀಟರು ಉದ್ದದ್ದು. ಅದಕ್ಕೆ ಬಾಲವಾಗಿ ಒಂದು ಮೀಟರಿಗಿಂತ ಉದ್ದದ ಕತ್ತಿಯೊಂದನ್ನು ಕಟ್ಟಿದೆ. ಇನ್ನೊಂದು ಅದಕ್ಕಿಂತ ಸಣ್ಣದು, 37 ಮಿಲಿಮೀಟರು ವ್ಯಾಸದ್ದು. ಅದರ ಬಾಲ ಸುಮಾರು ಎರಡು ಮೀಟರಿನ ಬಿದಿರು.

ಕಬ್ಬಿಣವೇ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ, ಕಾಡಿಗೆ ಬೆಂಕಿ ಬಿದ್ದಾಗ ಬಿದಿರು ಮೆಳೆಯಿಂದ ಕೋವಿ ಹಾರಿಸಿದಂತೆ ಕೇಳಿಬರುವ ಸದ್ದನ್ನು ನೆನೆಯಬೇಕು. ಗಣ್ಣುಗಳ ನಡುವೆ ಸೆರೆಯಾದ ಗಾಳಿಯೂ ನೀರಾವಿಯೂ ಕಾದು ಒತ್ತಡವೇರಿ, ಬಿದಿರು ಸಿಡಿಯುತ್ತದೆ. ಸಿಡಿದಾಗ ಅದು ಅಡ್ಡಲಾಗಿ ತುಂಡಾಗುವುದಿಲ್ಲ, ಉದ್ದುದ್ದಕ್ಕೆ ಸೀಳುತ್ತದೆ. ಬಿದಿರಿನ ನಾರು ಉದ್ದಕ್ಕಿರುವುದು ಇದಕ್ಕೊಂದು ಕಾರಣ. ಆದರೆ ನಾರೇ ಇಲ್ಲದ, ಎಲ್ಲ ದಿಕ್ಕಿಗೂ ಸಮಬಲವುಳ್ಳ ಲೋಹದ ಕೊಳವೆಯೂ ಹೀಗೆಯೇ ಉದ್ದಕ್ಕೆ ಸೀಳುವುದರಿಂದ, ಇದಕ್ಕಿಂತ ಆಳವಾದ ಕಾರಣವೊಂದು ಇರಲೇಬೇಕಷ್ಟೆ. ಕೊಳವೆಯನ್ನು ಮನಸ್ಸಿನಲ್ಲಿಯೇ ಉದ್ದುದ್ದವಾಗಿ ಎರಡು ಹೋಳು ಮಾಡಿ, ಆ ಎರಡು ಹೋಳುಗಳನ್ನು ಒಳಗಿನ ಅನಿಲವು ಒಂದರಿಂದೊಂದನ್ನು ದೂರ ತಳ್ಳುತ್ತಿರುವುದಾಗಿ ಭಾವಿಸಿದರೆ, ಆ ತಳ್ಳುವಿಕೆಗೆ ಎದುರಾಗಿ ನಿಲ್ಲುವುದು ಎರಡು ಅಂಚುಗಳಲ್ಲಿರುವ ಗೋಡೆಯ ದಪ್ಪವೊಂದೇ. ಅಡ್ಡಲಾಗಿ ಕತ್ತರಿಸಿದಂತೆ ಭಾವಿಸಿದರೋ, ಅನಿಲವು ತಳ್ಳುವುದು ಕೊಳವೆಯ ಮುಚ್ಚಿದ ತುದಿಗಳನ್ನು, ಎದುರು ನಿಲ್ಲುವುದು ಬಳೆಯಾಕಾರದ ಇಡೀ ಅಂಚು. ಲೆಕ್ಕ ಹಾಕಿ ನೋಡಿದಾಗ, ಮೊದಲನೆಯದರಲ್ಲಿ ಲೋಹದ ಮೇಲೆ ಬೀಳುವ ಪೀಡನವು ಎರಡನೆಯದರ ಸರಿಯಾಗಿ ಎರಡರಷ್ಟು. ಕೊಳವೆಯನ್ನು ಸುತ್ತುಗಟ್ಟಿ ಹಿಗ್ಗಿಸಲೆಳಸುವ ಈ ಪೀಡನವನ್ನು ವಲಯಪೀಡನವೆಂದು ಕರೆಯೋಣ. ಅದರ ಪ್ರಮಾಣವೆಂದರೆ, ಒತ್ತಡವನ್ನು ಕೊಳವೆಯ ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದಾಗ ಬರುವ ಫಲ. ಕೊಳವೆ ಅಗಲವಾದಷ್ಟೂ ಅದು ಹೆಚ್ಚುತ್ತದೆ, ಗೋಡೆ ದಪ್ಪವಾದಷ್ಟೂ ತಗ್ಗುತ್ತದೆ.

ಸೂತ್ರವನ್ನರಿಯದ ಕುಶಲಿಗಳ ಕೈಗಳು ಈ ನಿಯಮವನ್ನು ಎಂದೋ ಅರಿತಿದ್ದವು. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ ತೊಡಿಸಿ ನೀರು ಹೊಯ್ಯುವುದು, ದೀಪಾವಳಿಯ ಆಟಂಬಾಂಬಿಗೆ ಹುರಿದಾರವನ್ನು ಉದ್ದಕ್ಕೆಳೆಯದೆ ಸುತ್ತಲೂ ಬಿಗಿಯುವುದು, ಹಳೆಯ ಕಾಲದ ಒಳ್ಳೆಯ ಕೋವಿಗಳ ನಳಿಗೆಯನ್ನು ಕಬ್ಬಿಣದ ಪಟ್ಟಿಯಿಂದ ಬಳ್ಳಿಯಂತೆ ಸುರುಳಿ ಸುತ್ತಿ ಬೆಸೆಯುತ್ತಿದ್ದುದು, ಇವೆಲ್ಲದರಲ್ಲಿಯೂ ಇರುವ ಅರಿವು ಒಂದೇ. ಉದ್ದಕ್ಕೆ ಬೆಸುಗೆ ಹಾಕಿದ ನಳಿಗೆಯಲ್ಲಿ ಬೆಸುಗೆಯ ಗೆರೆಯೇ ಅತ್ಯಧಿಕ ಪೀಡನಕ್ಕೆ ಮೈಯೊಡ್ಡುತ್ತದೆ. ಸುರುಳಿ ಸುತ್ತಿದ್ದರಲ್ಲಾದರೋ ಲೋಹದ ಬಲವು ಬೇಕಾದ ದಿಕ್ಕಿಗೇ ಹರಿದು, ಬೆಸುಗೆಯ ಮೇಲಣ ಭಾರ ಇಳಿಯುತ್ತದೆ.

ಮತ್ತೆ ಬಾಣಕ್ಕೆ ಬರೋಣ. ಬಾಣದ ಕೊಳವೆಗೆ ಹೊರಗಡೆ ಯಾವ ಗೋಡೆಯೂ ಇಲ್ಲ. ಅದು ಆಕಾಶದಲ್ಲಿ ಒಂಟಿ. ಒಳಗಿನ ಒತ್ತಡವನ್ನೆಲ್ಲ ತನ್ನ ಮೈಯೊಂದರಿಂದಲೇ ತಾಳಬೇಕು, ಆ ಮೈಯನ್ನು ತಾನೇ ಹೊತ್ತುಕೊಂಡೂ ಹಾರಬೇಕು. ಕಾಗದದ ಕೊಳವೆಯಾದರೆ ಒತ್ತಡವೇರುವುದಕ್ಕೆ ಮುಂಚೆಯೇ ಸೀಳುತ್ತದೆಯಾದ್ದರಿಂದ, ಬಾಯಿಯನ್ನು ಅಗಲವಾಗಿಟ್ಟು ಅನಿಲವನ್ನು ಸುಲಭವಾಗಿ ಹೊರಬಿಡಬೇಕಾಗುತ್ತದೆ; ಹಾಗೆ ಹೊರಬಿದ್ದ ಅನಿಲದ ತಳ್ಳುಬಲ ಅಲ್ಪ. ಕಬ್ಬಿಣವಾದರೆ ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡವೇರಿದಷ್ಟೂ ಮದ್ದು ಬಿರುಸಾಗಿ ಉರಿಯುತ್ತದೆ, ಅನಿಲವು ಇನ್ನೂ ರಭಸದಿಂದ ಹಿಂದಕ್ಕೆ ಚಿಮ್ಮುತ್ತದೆ, ಬಾಣವು ಇನ್ನೂ ದೂರಕ್ಕೆ ಓಡುತ್ತದೆ. ಸುಮಾರು ಒಂದು ಪೌಂಡು ಮದ್ದಿನ ಬಾಣವು ಸುಮಾರು 900 ಮೀಟರು ಹೋಗುತ್ತಿತ್ತೆಂಬುದು ಅಂದಿನ ದಾಖಲೆ. ಬೆಂಗಳೂರಿನ ವಿಮಾನವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ಬಾಣಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಮೈಸೂರಿನ ಬಾಣದ ಹಿರಿಮೆಯನ್ನು ಈ ಲೋಹದ ಕೊಳವೆಯಲ್ಲಿಯೇ ಗುರುತಿಸಿದ್ದಾರೆ. ಮಾಗಡಿ, ಚಿಕ್ಕನಾಯಕನಹಳ್ಳಿ, ಚನ್ನರಾಯನದುರ್ಗದ ಸೀಮೆಗಳಲ್ಲಿ ಕಪ್ಪು ಮರಳಿನಿಂದಲೂ ಅದುರಿನಿಂದಲೂ ಕಬ್ಬಿಣ ತೆಗೆಯುತ್ತಿದ್ದ ಕುಲುಮೆಗಳು, 1800ರಲ್ಲಿ ಸಮೀಕ್ಷಕ ಬುಕಾನನ್ ಈ ನಾಡನ್ನು ಸುತ್ತಿದಾಗ ಇನ್ನೂ ಉರಿಯುತ್ತಿದ್ದವು. ಹದವಾಗಿ ಬಾಗುವ, ಬಡಿದರೆ ಬಿರಿಯದ ಕಬ್ಬಿಣವು ಕೈಗೆಟುಕುವಂತಿದ್ದುದೇ ಈ ವಿದ್ಯೆಗೆ ತಾಯಿಬೇರು ಎಂದು ನಾನು ತಿಳಿದಿದ್ದೇನೆ.

1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಖ್ಯಾತನಾದ ಆರ್ಥರ್ ವೆಲ್ಲೆಸ್ಲಿಯ ದಂಡು ಕತ್ತಲಿನಲ್ಲಿ ಈ ಬಾಣಗಳಿಗೆ ಸಿಕ್ಕಿ ದಿಕ್ಕೆಟ್ಟಿತು; ಮೇ 2ರಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಗುಂಡು ತಗುಲಿ ಭಾರಿ ಸ್ಫೋಟವಾಯಿತು; ಮೇ 4ರಂದು ಕೋಟೆ ಬಿದ್ದಿತು. ಗೆದ್ದವರು ಸಾಗಿಸಿದ ಮಾದರಿಗಳು ವುಲಿಚ್‌ಗೆ ಸೇರಿ, ಅಲ್ಲಿ ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು; ಅವನು ಮಾಡಿದ ಬಾಣಗಳು 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆ ಸುರಿದವು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಕೆಸರಿನಿಂದ ಮೇಲೆದ್ದು ಬಂದದ್ದನ್ನು ಓದುಗರು ಮರೆತಿರಲಾರರು. ಇಪ್ಪತ್ತನೆಯ ಶತಮಾನದ ಗಗನನೌಕೆಯ ಕಥೆಯನ್ನು ಈ ತುಕ್ಕಿನ ಕೊಳವೆಗಳಿಂದಲೇ ಆರಂಭಿಸುವವರುಂಟು; ನನಗೆ ಬೇಕಾದುದು ಅದಕ್ಕಿಂತ ಸಣ್ಣ ಕಥೆ.

ಬಾಣವು ತನ್ನ ಗೋಡೆಯನ್ನು ತಾನೇ ಹೊತ್ತು ಹಾರುವ ಜೀವಿಯಾದರೆ, ತೋಟಾ, ನಮ್ಮ ಹಿರಿಯರ ಮಾತಿನಲ್ಲಿ ಕಾಡತೂಸು, ಪರರ ಗೋಡೆಯನ್ನು ಆಶ್ರಯಿಸಿ ಬದುಕುವ ಜೀವಿ. ಮದ್ದನ್ನೂ ಗುಂಡನ್ನೂ ಬೇರೆಬೇರೆಯಾಗಿ ನಳಿಗೆಯ ಬಾಯಿಂದ ತುಂಬುತ್ತಿದ್ದ ಕಾಲವು ಹೋಗಿ, 1860ರ ದಶಕದಲ್ಲಿ ಗುಂಡು, ಮದ್ದು, ಕಿಡಿ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಕಮಾಡುವ ತೋಟಾಗಳು ಪಕ್ವಗೊಂಡವು. ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ, ನಮ್ಮ ದೇಶದ ಇಶಾಪುರ ಕಾರ್ಖಾನೆಯ ಪಿಸ್ತೂಲಿಗೂ ಸಲ್ಲುವ 9 ಮಿಲಿಮೀಟರಿನ ತೋಟಾ, ಜಾರ್ಜ್ ಲೂಗರನು 1902ರಲ್ಲಿ ರೂಪಿಸಿದ್ದು. ಅದರ ಕೋಶದ ಉದ್ದ 19 ಮಿಲಿಮೀಟರು, ತೂಕ ಸುಮಾರು 4 ಗ್ರಾಂ, ಬಾಯಿಯ ಬಳಿಯಲ್ಲಿ ಗೋಡೆಯ ದಪ್ಪ ಸುಮಾರು 0.3 ಮಿಲಿಮೀಟರು. ಯೂರೋಪಿನ ನಿಯಮದಂತೆ ಅದರೊಳಗಿನ ಒತ್ತಡಕ್ಕೆ ಗೊತ್ತುಪಡಿಸಿರುವ ಪರಮಾವಧಿ 235 ಮೆಗಾಪಾಸ್ಕಲ್.

ಈಗ ಮೇಲೆ ಹೇಳಿದ ಲೆಕ್ಕವನ್ನು ಹಾಕೋಣ. ತ್ರಿಜ್ಯ ನಾಲ್ಕೂವರೆ ಮಿಲಿಮೀಟರು, ದಪ್ಪ 0.3, ಒತ್ತಡ 235. ಬರುವ ವಲಯಪೀಡನ 3500 ಮೆಗಾಪಾಸ್ಕಲಿಗೂ ಮಿಗಿಲು. ಬಡಿದು ಗಡುಸಾದ ಹಿತ್ತಾಳೆಯಾದರೂ ಸುಮಾರು 500ಕ್ಕೆ ಹರಿದುಹೋಗುತ್ತದೆ. ಎಂದರೆ ಆ ಕೋಶವು ತನ್ನ ಸ್ವಂತ ಶಕ್ತಿಯಿಂದ ತಾಳಬಲ್ಲುದು ಬಂದೊದಗುವ ಭಾರದ ಏಳನೆಯ ಒಂದು ಪಾಲನ್ನು ಮಾತ್ರ. ಆದರೂ ಅದು ಒಡೆಯದು, ಏಕೆಂದರೆ ಅದರ ಸುತ್ತ ನಳಿಗೆಯ ಹಿಂಬದಿಯಲ್ಲಿ ಕೊರೆದ, ಕುಶಲಿಗಳು ಚೇಂಬರು ಎನ್ನುವ ಉಕ್ಕಿನ ಗೂಡಿದೆ. ಮದ್ದು ಹೊತ್ತಿದೊಡನೆ ಹಿತ್ತಾಳೆಯು ಹಿಗ್ಗಿ, ಕೂದಲೆಳೆಯಷ್ಟಿದ್ದ ಸಂದನ್ನು ದಾಟಿ, ಉಕ್ಕಿಗೆ ಅಪ್ಪಳಿಸಿ ಆತುಕೊಳ್ಳುತ್ತದೆ. ಅಲ್ಲಿಂದಾಚೆಗೆ ಭಾರವನ್ನು ಹೊರುವುದು ಉಕ್ಕು. ಹಿತ್ತಾಳೆಯ ಕೆಲಸ, ಬಿಸಿ ಅನಿಲವು ಒಂದು ಹನಿಯೂ ಹಿಂದಕ್ಕೆ ಸೋರದಂತೆ ಬಿರಡೆಯಾಗಿ ನಿಲ್ಲುವುದಷ್ಟೆ. ಟೈರು ಮತ್ತು ಟ್ಯೂಬಿನ ಸಂಬಂಧವೇ ಇದು. ಬಾಣಕ್ಕಿಲ್ಲದ ಭಾಗ್ಯ ತೋಟಾಕ್ಕಿದೆ: ಭಾರ ಹೊರುವ ಗೋಡೆಯು ಕೈಯಲ್ಲಿಯೇ ಉಳಿಯುತ್ತದೆ, ಹಾರಿಹೋಗುವುದು ಗುಂಡು ಮಾತ್ರ.

ಈ ಕೆಲಸಕ್ಕೆ ಹಿತ್ತಾಳೆಯನ್ನೇ ಆರಿಸಿರುವುದರಲ್ಲಿ ಇರುವ ಸೊಗಸನ್ನು ಬಲ್ಲವರು ನಮ್ಮ ನಾಗಮಂಗಲದಲ್ಲಿದ್ದಾರೆ. ಹಿತ್ತಾಳೆಯ ಪಾತ್ರೆಗಳಿಗೂ ದೇವತಾವಿಗ್ರಹಗಳಿಗೂ ಹೆಸರಾದ ಆ ಊರಿನ ಕುಶಲಿಗಳನ್ನು ಕೇಳಿದರೆ, ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆಂದೂ, ಗಡುಸಾದುದನ್ನು ಇನ್ನೂ ಬಡಿದರೆ ಬಿರಿಯುತ್ತದೆಂದೂ, ಕೆಂಪಗೆ ಕಾಸಿದರೆ ಮತ್ತೆ ಮೇಣದಂತೆ ಮೆದುವಾಗುತ್ತದೆಂದೂ ಹೇಳುತ್ತಾರೆ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವುಳ್ಳ ಹಿತ್ತಾಳೆಯ ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡಿ, ಕಾಸಿ, ಮತ್ತೆ ಎಳೆದು, ಮತ್ತೆ ಕಾಸಿ, ಉದ್ದನೆಯ ಕೋಶವಾಗಿಸುವ ಕಾರ್ಖಾನೆಯ ಕ್ರಮವು ಇದೇ ಅರಿವಿನ ಮೇಲೆ ನಿಂತಿದೆ. ಇದಲ್ಲದೆ ಹಿತ್ತಾಳೆಗೆ ಇನ್ನೊಂದು ಗುಣವುಂಟು. ಅದರ ಸ್ಥಿತಿಸ್ಥಾಪಕತೆಯ ಮಾನವು ಉಕ್ಕಿನದರ ಅರ್ಧಕ್ಕೆ ಸಮೀಪವಾಗಿದ್ದು, ಒತ್ತಡವಿಳಿದ ಮೇಲೆ ಅದು ಹಿಂದಕ್ಕೆ ಕುಗ್ಗುವ ಪ್ರಮಾಣ ಹೆಚ್ಚು. ಆದ್ದರಿಂದ ಆಗತಾನೆ ಉಕ್ಕಿಗೆ ಅಂಟಿದಂತೆ ಆತುಕೊಂಡಿದ್ದ ಕೋಶವು, ಗುಂಡು ನಳಿಗೆಯನ್ನು ದಾಟಿದೊಡನೆ ತಾನಾಗಿ ಸಡಿಲಗೊಂಡು, ಕೊಕ್ಕೆಯೊಂದರ ಎಳೆತಕ್ಕೆ ಸಲೀಸಾಗಿ ಹೊರಬರುತ್ತದೆ. ಅಪ್ಪಿಕೊಳ್ಳುವುದೂ ಬಿಟ್ಟುಕೊಡುವುದೂ ಎರಡೂ ಬಲ್ಲ ಲೋಹವೆಂಬುದರಿಂದಲೇ ನೂರೈವತ್ತು ವರ್ಷಗಳಾದರೂ ಅದಕ್ಕೆ ಪ್ರತಿಸ್ಪರ್ಧಿ ಅಪರೂಪ.

ಇಷ್ಟಾದರೂ, ಉಕ್ಕಿನ ಗೂಡು ಕೋಶವನ್ನು ಪೂರ್ಣವಾಗಿ ಸುತ್ತುವರಿಯಲಾರದು; ಸಮಸ್ಯೆಯ ತಿರುಳಿರುವುದು ಇಲ್ಲಿಯೇ. ತೋಟಾಗಳು ಪಿಸ್ತೂಲಿನ ಹಿಡಿಯೊಳಗೆ, ನಳಿಗೆಗಿಂತ ಕೆಳಗೆ, ಮ್ಯಾಗಜೀನೆಂಬ ಡಬ್ಬಿಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಗುಂಡು ಹಾರಿದ ಮೇಲೆ ಹಿಂದಕ್ಕೆ ಸರಿದ ಸ್ಲೈಡು, ಎಂದರೆ ಪಿಸ್ತೂಲಿನ ಜಾರುವ ಮೇಲ್ಭಾಗ, ಮತ್ತೆ ಮುಂದಕ್ಕೆ ಬರುವಾಗ ಮೇಲಿನ ತೋಟಾವನ್ನು ತಳ್ಳುತ್ತದೆ. ಅದು ಮೂತಿಯನ್ನು ಮೇಲೆತ್ತಿಕೊಂಡು ಗೂಡನ್ನು ಹೊಗಬೇಕು. ನೆಟ್ಟಗಿನ ಗೋಡೆಗೆ ಮೂತಿ ತಗುಲಿದರೆ ಅಲ್ಲಿಯೇ ಸಿಕ್ಕಿಕೊಳ್ಳುವುದರಿಂದ, ಗೂಡಿನ ಹಿಂಬಾಯಿಯ ಕೆಳಅಂಚನ್ನು ಇಳಿಜಾರಾಗಿ ಕೆತ್ತಿ ಒಂದು ಏರುಜಾಡನ್ನು ಮಾಡಿಕೊಡಬೇಕಾಗುತ್ತದೆ. ಕೆರೆಯ ಏರಿಯಲ್ಲಿ ಗಾಡಿ ಹತ್ತುವುದಕ್ಕೆಂದು ಕಡಿದ ಸೀಳುದಾರಿಯಂತೆಯೇ ಇದು: ಗಾಡಿಗೆ ಅನುಕೂಲ, ಏರಿಗೆ ನಿಶ್ಶಕ್ತಿ. ಎಲ್ಲಿ ಉಕ್ಕನ್ನು ಕೆತ್ತಿದೆಯೋ ಅಲ್ಲಿ ಹಿತ್ತಾಳೆಯ ಬೆನ್ನಿಗೆ ಏನೂ ಇಲ್ಲ.

ಆ ಬಯಲಾದ ಭಾಗವು ಕೋಶದ ಬುಡದಲ್ಲಿರುವುದೇ ನಮ್ಮ ಪುಣ್ಯ. ಕಿಡಿಯ ಬಟ್ಟಲನ್ನು ಹೊತ್ತ ಬುಡವು ಘನವಾದ ಹಿತ್ತಾಳೆಯ ಬಿಲ್ಲೆ. ಅಲ್ಲಿ ಹಿಗ್ಗಿಸುವುದಕ್ಕೆ ಒಳಗೆ ಟೊಳ್ಳೇ ಇಲ್ಲ. ಬಿಲ್ಲೆಯಿಂದ ಮುಂದಕ್ಕೆ ಗೋಡೆಯು ದಪ್ಪವಾಗಿ ಆರಂಭವಾಗಿ ಬಾಯಿಯತ್ತ ತೆಳುವಾಗುತ್ತ ಹೋಗುತ್ತದೆ. ಏರುಜಾಡಿನ ಕೆತ್ತನೆಯು ಘನಬುಡದ ಎಲ್ಲೆಯೊಳಗೇ ನಿಂತರೆ ಕೇಡಿಲ್ಲ. ಎಲ್ಲೆ ಮೀರಿ ಒಂದೆರಡು ಮಿಲಿಮೀಟರು ಒಳಹೊಕ್ಕರೆ, ತೆಳುಗೋಡೆಯು ಬಯಲಿಗೆ ಬಿದ್ದು, ಅಲ್ಲಿ ಟೈರಿನ ಸೀಳಿನಲ್ಲಿ ಟ್ಯೂಬು ಇಣುಕಿದಂತೆ ಉಬ್ಬುತ್ತದೆ. ಒತ್ತಡ ಸಹಜವಾಗಿದ್ದರೆ ಉಬ್ಬಿನಲ್ಲಿಯೇ ಮುಗಿಯಬಹುದು. ಮದ್ದು ಹೆಚ್ಚಾಗಿದ್ದರೆ, ಗುಂಡು ಕೋಶದೊಳಕ್ಕೆ ಕುಸಿದು ಒಳಗಿನ ಎಡೆ ಕಿರಿದಾಗಿದ್ದರೆ, ಅಥವಾ ಒಮ್ಮೆ ಉಬ್ಬಿ ಸೋತ ಕೋಶವನ್ನೇ ತಿದ್ದಿ ಮತ್ತೆ ತುಂಬಿದ್ದರೆ, ಹಿತ್ತಾಳೆ ಹರಿದು, ಬಿಸಿ ಅನಿಲವು ಇರುವ ಒಂದೇ ದಾರಿಯಲ್ಲಿ, ಕೆಳಕ್ಕೆ, ಹಿಡಿದ ಕೈಯ ಕಡೆಗೆ ನುಗ್ಗುತ್ತದೆ. ಹಿಡಿಯ ಹಲಗೆಗಳು ಬಿರಿಯುತ್ತವೆ, ಮ್ಯಾಗಜೀನು ಕೆಳಕ್ಕೆ ಚಿಮ್ಮುತ್ತದೆ, ಬೆರಳುಗಳಿಗೆ ಗಾಯವಾಗುತ್ತದೆ.

ನಿರ್ಮಾಪಕನ ಮುಂದಿರುವ ಧರ್ಮಸಂಕಟವನ್ನು ಇಲ್ಲಿ ಗಮನಿಸಬೇಕು. ಏರುಜಾಡನ್ನು ಉದ್ದವಾಗಿಯೂ ಓರೆಯಾಗಿಯೂ ಮಾಡಿದರೆ ತೋಟಾ ಎಡವದೆ ಗೂಡು ಸೇರುತ್ತದೆ, ಆದರೆ ಒತ್ತಾಸೆ ಕಡಮೆ. ಗಿಡ್ಡವಾಗಿ ಕಡಿದಾಗಿ ಮಾಡಿದರೆ ಒತ್ತಾಸೆ ಪೂರ್ಣ, ಆದರೆ ತೋಟಾ ನಡುವೆ ಸಿಕ್ಕಿಕೊಳ್ಳುವ ಭಯ. ಬ್ರೌನಿಂಗನು ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ಪಿಸ್ತೂಲಿನಲ್ಲಿ ಏರುಜಾಡಿನ ಹೆಚ್ಚಿನ ಪಾಲು ನಳಿಗೆಯಲ್ಲಿರದೆ ಕೆಳಚೌಕಟ್ಟಿನಲ್ಲಿತ್ತು. ಅದರ .45 ತೋಟಾದ ಪರಮಾವಧಿ ಒತ್ತಡ ಸುಮಾರು 145 ಮೆಗಾಪಾಸ್ಕಲ್ ಮಾತ್ರವಾದುದರಿಂದ ಗೂಡಿನ ಹಿಂಬಾಯಿ ತುಸು ಬಯಲಾಗಿದ್ದರೂ ನಡೆಯುತ್ತಿತ್ತು. ಅದೇ ಮೈಕಟ್ಟಿಗೆ 1929ರಲ್ಲಿ .38 ಸೂಪರ್ ಎಂಬ, 250 ಮೆಗಾಪಾಸ್ಕಲಿನ ಆಸುಪಾಸಿನ ತೋಟಾವನ್ನು ಹೊಂದಿಸಿದರು; ಮುಂದೆ ಗುರಿಯಾಟದ ಸ್ಪರ್ಧಿಗಳು ಅದರಲ್ಲಿ ಮಿತಿಮೀರಿ ಮದ್ದು ತುಂಬತೊಡಗಿದಾಗ ಕೋಶಗಳು ಬುಡದಲ್ಲಿ ಸಿಡಿಯತೊಡಗಿದವು. ಪರಿಹಾರವಾಗಿ ಬಂದದ್ದು ಏರುಜಾಡನ್ನು ನಳಿಗೆಯ ಮೈಯಲ್ಲಿಯೇ ಕೆಳಕ್ಕೆ ಇಳಿಬಿಟ್ಟು, ಗೂಡಿನ ನೆಲವನ್ನು ಹಿಂದಕ್ಕೆ ಚಾಚಿದ ನಳಿಗೆ. ಶೀಳನೆರೆಯ ಮುದುಕನ ಗೇಟರಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ: ಟ್ಯೂಬನ್ನು ದಪ್ಪಮಾಡಲಿಲ್ಲ, ಗೋಡೆ ಹರಿದೆಡೆಗೆ ಗೋಡೆಯನ್ನು ತಂದರು.

ಹಿಂದಿನ ದಿಕ್ಕಿನ ಮಾತನ್ನೂ ಹೇಳಬೇಕು. ಸುತ್ತಲಿನ ಉಕ್ಕು ಎಷ್ಟೇ ಪೂರ್ಣವಾಗಿದ್ದರೂ, ಕೋಶದ ಬುಡವನ್ನು ಅನಿಲವು ಸುಮಾರು ಒಂದೂವರೆ ಟನ್ನಿನ ಬಲದಿಂದ ಹಿಂದಕ್ಕೊತ್ತುತ್ತದೆ. ಅದನ್ನು ಎದುರಿಸುವುದು ಸ್ಲೈಡಿನ ಮುಖ. ಒತ್ತಡವಿಳಿಯುವುದಕ್ಕೆ ಮುಂಚೆ ಸ್ಲೈಡು ಹಿಂದೆ ಸರಿದರೆ ಕೋಶವೂ ಅದರೊಡನೆ ಹೊರಬಂದು, ತೆಳುಗೋಡೆಯು ಬಯಲಾಗುತ್ತದೆ. ಅದಕ್ಕಾಗಿಯೇ ಬ್ರೌನಿಂಗನ ಪದ್ಧತಿಯಲ್ಲಿ ನಳಿಗೆಯೂ ಸ್ಲೈಡೂ ಬೀಗ ಹಾಕಿದಂತೆ ಕೂಡಿಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದಕ್ಕೆ ಚಲಿಸಿ, ಗುಂಡು ಹೊರಬಿದ್ದು ಒತ್ತಡವಿಳಿದ ಮೇಲೆ, ನಳಿಗೆಯ ಹಿಂಬದಿ ಕೆಳಕ್ಕೆ ಬಾಗಿ ಬೀಗ ಬಿಡುತ್ತದೆ. ಒತ್ತಾಸೆಯೆಂಬುದು ಸ್ಥಳದ ಪ್ರಶ್ನೆಯಾಗಿರುವಂತೆಯೇ ಕಾಲದ ಪ್ರಶ್ನೆಯೂ ಹೌದು. ಇಲ್ಲಿಯ ಕಾಲವಾದರೋ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು.

ಗೋಡೆ ಸರಿಯಾಗಿದ್ದೂ ಹಿತ್ತಾಳೆ ಸೋತ ಪ್ರಸಂಗವೊಂದು ನಮ್ಮ ದೇಶದ್ದೇ ಆದುದರಿಂದ ಅದನ್ನಿಲ್ಲಿ ಬಿಡಲಾರೆ. ಬ್ರಿಟಿಷರ ಕಾಲದ ಭಾರತೀಯ ಸೈನ್ಯದಲ್ಲಿ, ಮಳೆಗಾಲದಲ್ಲಿ ಲಾಯಗಳ ಬಳಿ ಇರಿಸಿದ್ದ ತೋಟಾಗಳ ಕೋಶಗಳು, ಯಾರೂ ಮುಟ್ಟದೆ, ಹಾರಿಸದೆ, ತಾವಾಗಿಯೇ ಬಿರುಕುಬಿಟ್ಟಿದ್ದುವು. ಋತುವಿನೊಡನೆ ಬರುತ್ತಿದ್ದ ಈ ರೋಗಕ್ಕೆ ಋತುಬಿರುಕೆಂದೇ ಹೆಸರಾಯಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹವಿಜ್ಞಾನಿಗಳು ಇದರ ಗುಟ್ಟನ್ನು ಬಿಡಿಸಿದರು: ಕುದುರೆಗಳ ಮೂತ್ರದಿಂದೇಳುವ ಅಮೋನಿಯಾ, ಮಳೆಗಾಲದ ತೇವ, ಮತ್ತು ಎಳೆದು ಮಾಡಿದ ಹಿತ್ತಾಳೆಯೊಳಗೆ ಆರದೆ ಉಳಿದಿದ್ದ ಪೀಡನ, ಈ ಮೂರೂ ಕೂಡಿದಾಗ ಲೋಹದ ಹರಳುಗಳ ನಡುವಣ ಸಂದುಗಳು ಬಾಯಿಬಿಡುತ್ತವೆ. ಹೊರಗಿನ ಶತ್ರುವಿಗೆ ಗೋಡೆ ಕಟ್ಟಬಹುದು, ತಯಾರಿಕೆಯಲ್ಲಿಯೇ ಒಳಸೇರಿದ ಬಿಗಿತಕ್ಕೆ ಗೋಡೆ ಏನು ಮಾಡೀತು? ಮದ್ದು ತುಂಬುವುದಕ್ಕೆ ಮುಂಚೆ ಬರಿಯ ಕೋಶವನ್ನು ಹದವಾಗಿ ಕಾಸಿ ಆ ಬಿಗಿತವನ್ನು ಕಳೆಯುವುದೇ ಇದಕ್ಕೆ ಮದ್ದಾಯಿತು. ನಾಗಮಂಗಲದ ಕುಶಲಿಯು ಬಡಿದ ಚೊಂಬನ್ನು ಒಲೆಗಿಡುವುದೂ ಇದೇ ಕಾರಣಕ್ಕೆ.

ಗುರಿಯಾಟದ ಬಯಲಿನಲ್ಲಿ ಬಿದ್ದ ಖಾಲಿ ಕೋಶವೊಂದನ್ನು ಎತ್ತಿಕೊಂಡು, ಬುಡದಿಂದ ಸ್ವಲ್ಪ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಸುತ್ತಲೂ ಆಡಿಸಿದರೆ, ಮುಕ್ಕಾಲು ಸುತ್ತಿನವರೆಗೆ ನುಣುಪಾಗಿ ಜಾರಿದ ಬೆರಳು ಒಮ್ಮೊಮ್ಮೆ ಒಂದೆಡೆಯಲ್ಲಿ ಅಕ್ಕಿಯ ಕಾಳಿನಷ್ಟೂ ಇಲ್ಲದ ಉಬ್ಬನ್ನು ಏರಿ ಇಳಿಯುತ್ತದೆ. ಅದನ್ನು ಹಾರಿಸಿದ ಪಿಸ್ತೂಲನ್ನು ನೋಡದೆಯೇ, ಅದರ ಗೂಡಿನ ನೆಲ ಎಲ್ಲಿ ಮುಗಿಯಿತು, ಏರುಜಾಡು ಎಲ್ಲಿ ಮೊದಲಾಯಿತು ಎಂಬುದನ್ನು ಬಲ್ಲವನು ಆ ಉಬ್ಬಿನಲ್ಲಿ ಓದಿಕೊಳ್ಳುತ್ತಾನೆ; ಓದಿಕೊಂಡ ಮೇಲೆ ಆ ಕೋಶವನ್ನು ಮತ್ತೆ ತುಂಬದೆ, ಕರಗಿಸುವ ಡಬ್ಬಿಗೆ ಹಾಕುತ್ತಾನೆ.